ಮೀಟರ್ ಗೇಜ್ ಫೋನು, ಬ್ರಾಡ್ ಗೇಜ್ ಫೋನು

ಹೋದ ತಿಂಗಳು ನನ್ನ ಫೋನಿಗೆ ಹೊಟ್ಟೆ ಊದ್ಕೊಳ್ತು. ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಇಡ್ಲಿ ಥರ ಮೇಲೆದ್ದಿತ್ತು. ಅರಸೀಕೆರೆ ಬಸ್ ಸ್ಟ್ಯಾಂಡ್ ಹತ್ರ ರಿಪೇರಿ ಅಂಗಡಿ ಇಟ್ಟಿರೋ ಹುಡುಗನಿಗೆ ತೋರಿಸಿದೆ. "ಆಂಟಿ, ಇದನ್ನ ಒಲೆ ಹತ್ರ ಮಾತ್ರ ಇಡಬೇಡಿ, ಆರು ವರ್ಷ ಆಗಿದೆ, ಬೇರೆ ನೋಡ್ಕೊಳಿ" ಅಂದ.

ಅವತ್ತು ರಾತ್ರಿ ನಮ್ಮನೇಲಿ ಶುರುವಾದ ಪಂಚಾಯ್ತಿ ಒಂಬತ್ತು ದಿನ ನಡೀತು. ಅಮೆರಿಕದಲ್ಲಿರೋ ಮಗ, "ಅಮ್ಮ, ಈ ಸಲ ಐಫೋನ್ ತಗೋ, ನಾನೇ ಕೊಡಿಸ್ತೀನಿ. ನಾವೆಲ್ಲ ಅದೇ ಇಟ್ಕೊಂಡಿರೋದು, ಫೋಟೋ ಎಲ್ಲ ತಾನಾಗೇ ಬಂದು ಕೂತ್ಕೊಳುತ್ತೆ" ಅಂದ. ಬೆಂಗಳೂರಲ್ಲಿರೋ ಮಗಳು, "ಬೇಡಮ್ಮ, ಆಂಡ್ರಾಯ್ಡೇ ಇರ್ಲಿ, ನಿಂಗೆ ಕೈ ಕೂತಿದೆ, ಮತ್ತೆ ಅಆಇಈ ಯಾಕೆ ಕಲೀತೀಯ" ಅಂದ್ಲು. ನಮ್ಮನೆಯವ್ರು ಪೇಪರ್ ಮಡಚದೇನೇ, "ಯಾವುದಾದ್ರೇನು, ಹಲೋ ಅಂದ್ರೆ ಆಚೆ ಕಡೆ ಕೇಳಿಸಿದ್ರೆ ಸಾಕು" ಅಂದ್ರು.

ನಂಗೆ ಮಾತ್ರ ಅಷ್ಟು ಸುಲಭವಾಗಿ ಹೇಳೋಕೆ ಆಗ್ಲಿಲ್ಲ. ಯಾಕೆ ಅಂತ ಮುಂದೆ ಹೇಳ್ತೀನಿ. ಅದಕ್ಕಿಂತ ಮೊದಲು ನಮ್ಮ ಮಾವ ಹೇಳ್ತಿದ್ದ ಒಂದು ಮಾತು ನೆನಪಾಯ್ತು, ಅದನ್ನ ಕೇಳಿ.

ಮಾವ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೀತಿದ್ರು. ನಮ್ಮೂರು ಜಂಕ್ಷನ್ ಅಂತ ನಿಮಗೆ ಗೊತ್ತಲ್ಲ. ಬೆಂಗಳೂರು–ಹುಬ್ಬಳ್ಳಿ ದಾರಿಗೆ ಹಾಸನ, ಮೈಸೂರು ದಾರಿ ಬಂದು ಸೇರೋದು ಇಲ್ಲೇ. ಆಗ ಈ ದಾರಿಗಳೆಲ್ಲ ಮೀಟರ್ ಗೇಜು. ಎರಡು ಕಂಬಿ ಮಧ್ಯೆ ಒಂದೇ ಒಂದು ಮೀಟರ್ ಅಂತರ, ಅಂದ್ರೆ 1000 ಮಿಲಿಮೀಟರ್. ಆದ್ರೆ ಮದ್ರಾಸಿಂದ ಬೆಂಗಳೂರಿಗೆ 1864ರಲ್ಲೇ ಬಂದಿದ್ದ ದಾರಿ ಬ್ರಾಡ್ ಗೇಜು, 1676 ಮಿಲಿಮೀಟರ್. ದೇಶಕ್ಕೆಲ್ಲ ಒಂದೇ ಅಗಲದ ಕಂಬಿ ಇರ್ಲಿ ಅಂತ ಡಾಲ್‌ಹೌಸಿ ಕಾಲದಲ್ಲಿ ತೀರ್ಮಾನ ಆಗಿತ್ತು. ಆಮೇಲೆ 1870ರ ಹೊತ್ತಿಗೆ ಮೇಯೋ ಕಾಲದಲ್ಲಿ, ಖರ್ಚು ಕಮ್ಮಿ ಆಗುತ್ತೆ ಅಂತ ಮೀಟರ್ ಗೇಜನ್ನ ಶುರು ಮಾಡಿದ್ರು. ಅಗ್ಗವಾಗಿ ಬೇಗ ಬೇಗ ಊರೂರಿಗೆ ರೈಲು ಬಂತು, ಸುಳ್ಳಲ್ಲ. ಆದ್ರೆ ಎರಡು ಗೇಜು ಸೇರೋ ಊರಲ್ಲಿ ಒಂದು ಗಾಡಿಯ ಸಾಮಾನು ಇಳಿಸಿ ಇನ್ನೊಂದಕ್ಕೆ ಹತ್ತಿಸ್ಬೇಕು. ನಮ್ಮ ಕಡೆ ಕೊಬ್ಬರಿ ಉತ್ತರಕ್ಕೆ ಹೋಗ್ಬೇಕಾದ್ರೆ ಬೆಂಗಳೂರಲ್ಲೋ ಮೀರಜಲ್ಲೋ ಹಮಾಲಿಗಳು ಚೀಲ ಹೊತ್ತು ಗಾಡಿ ಬದಲಾಯಿಸ್ಬೇಕಿತ್ತು.

ಮಾವ ಹೇಳೋರು: "ಯಾವ ಗೇಜು ಒಳ್ಳೇದು ಅಂತ ಸ್ಟೇಷನ್‌ನಲ್ಲಿ ವಾದ ಮಾಡೋರು ಬೇಕಾದಷ್ಟು ಜನ ಇದ್ರು ಕಣಮ್ಮ. ಕೊಬ್ಬರಿಗೆ ಯಾವ ಗೇಜಾದ್ರೇನು? ಓಡೋವಾಗ ಚೀಲ ಹರಿಯಲ್ಲ. ಇಳಿಸಿ ಹತ್ತಿಸೋವಾಗ ಹರಿಯೋದು."

1992ರಲ್ಲಿ ರೈಲ್ವೆಯವರು ಎಲ್ಲಾ ಒಂದೇ ಗೇಜ್ ಮಾಡೋ ಯೋಜನೆ ಶುರು ಮಾಡಿದ್ರು. ಆ ದಶಕದಲ್ಲೇ ನಮ್ಮ ಅರಸೀಕೆರೆ ಕಂಬಿಗಳೂ ಅಗಲ ಆದ್ವು. ಹಾಸನ–ಮಂಗಳೂರು ದಾರಿ ಕಥೆ ಇನ್ನೂ ಬೇಜಾರಿಂದು. 1979ರಲ್ಲಿ ಮೀಟರ್ ಗೇಜಲ್ಲಿ ಮುಗಿಸಿದ್ದು, 1996ರಲ್ಲಿ ಬದಲಾಯಿಸೋಕೆ ಅಂತ ಮುಚ್ಚಿದ್ರು. ಜನ ಓಡಾಡೋ ರೈಲು ಮತ್ತೆ ಬಿಟ್ಟಿದ್ದು 2007ರ ಡಿಸೆಂಬರ್‌ನಲ್ಲಿ. ಹನ್ನೊಂದು ವರ್ಷ! ತಪ್ಪು ಗೇಜ್ ಆರಿಸ್ಕೊಂಡ್ರೆ ಅದನ್ನ ತಿದ್ದೋಕೆ ಒಂದು ತಲೆಮಾರಿನ ಮಕ್ಕಳು ಸ್ಕೂಲ್ ಮುಗಿಸ್ಬಿಡ್ತಾರೆ.

ಫೋನಿಗೂ ಗೇಜ್ ಇರುತ್ತೆ ಅನ್ನೋದು ನಂಗೆ ನಿಧಾನಕ್ಕೆ ಗೊತ್ತಾಗಿದ್ದು.

ನನ್ನ ತವರು ಹಳೇಬೀಡಿನ ಹತ್ರ. ನಾನು ಪಿಯುಸಿ ಓದೋವಾಗ ನಮ್ಮೂರಲ್ಲಿ ಫೋನ್ ಅಂದ್ರೆ ಪೋಸ್ಟ್ ಆಫೀಸಿನ ಕಪ್ಪು ಡಬ್ಬ. ಟ್ರಂಕ್ ಕಾಲ್ ಬುಕ್ ಮಾಡಿ ಬೆಂಚ್ ಮೇಲೆ ಕಾಯ್ಬೇಕಿತ್ತು. ಹಳ್ಳಿಗಳಿಗೆ ಫೋನ್ ತಲುಪಿಸಿದ್ದು ಸಿ-ಡಾಟ್ ಅನ್ನೋ ಸರ್ಕಾರದ ಸಂಸ್ಥೆ. 1984ರಲ್ಲಿ ಶುರುವಾಗಿದ್ದು, ಅದರ ಹಿಂದೆ ಇದ್ದೋರು ಸ್ಯಾಮ್ ಪಿತ್ರೋಡಾ. ಏಸಿ ರೂಮ್ ಇಲ್ಲದೇನೂ ನಮ್ಮ ಧೂಳು, ಬಿಸಿಲು ತಡ್ಕೊಂಡು ಕೆಲಸ ಮಾಡೋ 128 ಲೈನಿನ ಚಿಕ್ಕ ಎಕ್ಸ್‌ಚೇಂಜ್ ಮಾಡಿದ್ರು. ಅದರ ಮೊದಲನೇದನ್ನ 1986ರಲ್ಲಿ ಕೂರಿಸಿದ್ದು ನಮ್ಮ ಕರ್ನಾಟಕದಲ್ಲೇ, ಕಿತ್ತೂರಲ್ಲಿ. ರಾಣಿ ಚೆನ್ನಮ್ಮನ ಕಿತ್ತೂರು. ಇದು ಎಷ್ಟು ಜನಕ್ಕೆ ಗೊತ್ತೋ. ಆಮೇಲೆ ಬೀದಿಗೊಂದು ಹಳದಿ ಬೋರ್ಡಿನ ಎಸ್‌ಟಿಡಿ ಬೂತ್ ಬಂದಿದ್ದು ನಮ್ಮ ವಯಸ್ಸಿನೋರೆಲ್ಲ ನೋಡಿದ್ದೀವಿ.

ಆ ಕಾಲದಲ್ಲಿ ಯಾವ ಫೋನ್ ತಗೊಳೋದು ಅನ್ನೋ ಪ್ರಶ್ನೇನೇ ಇರ್ಲಿಲ್ಲ. ಸರ್ಕಾರ ಕೊಟ್ಟಿದ್ದೇ ಫೋನು. ಕಾಯೋದು ಒಂದೇ ನಮ್ಮ ಕೆಲಸ.

ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ ಹೋಗಿದ್ದು 1995ರ ಜುಲೈ 31ಕ್ಕೆ, ಕಲ್ಕತ್ತೆಯಿಂದ ದೆಹಲಿಗೆ. ಮುಖ್ಯಮಂತ್ರಿ ಜ್ಯೋತಿ ಬಸು ಈ ಕಡೆ, ಕೇಂದ್ರ ಮಂತ್ರಿ ಸುಖ್ ರಾಮ್ ಆ ಕಡೆ. ಆಗ ಕರೆ ಮಾಡಿದ್ರೂ ದುಡ್ಡು, ಬಂದ್ರೂ ದುಡ್ಡು. 2002ರಲ್ಲಿ ಬಿಎಸ್‌ಎನ್‌ಎಲ್ ಮೊಬೈಲ್ ಶುರುವಾಯ್ತು, 2003ರಲ್ಲಿ ಒಳಬರೋ ಕರೆ ಪುಕ್ಕಟೆ ಆಯ್ತು. ಆಮೇಲೇ ನಮ್ಮಂಥ ಮನೆಗಳಿಗೆ ಮೊಬೈಲ್ ಕಾಲಿಟ್ಟಿದ್ದು.

ಕಾಲಿಡ್ತಿದ್ದ ಹಾಗೇ ಎರಡು ಗೇಜು! ಒಂದು ಜಿಎಸ್‌ಎಂ, ಇನ್ನೊಂದು ಸಿಡಿಎಂಎ. ಜಿಎಸ್‌ಎಂ ಫೋನಲ್ಲಿ ಸಿಮ್ ಅನ್ನೋ ಚಿಕ್ಕ ಬಿಲ್ಲೆ ಇರ್ತಿತ್ತು, ತೆಗೆದು ಬೇರೆ ಸೆಟ್ಟಿಗೆ ಹಾಕ್ಕೋಬಹುದು. ಸಿಡಿಎಂಎಯಲ್ಲಿ ರಿಲಯನ್ಸ್‌ನೋರು 2003ರಲ್ಲಿ, ಮೊದಲು 501 ರೂಪಾಯಿ ಕಟ್ಟಿ ಉಳಿದದ್ದು ಕಂತು ಅಂತ ಬಿಟ್ಟಾಗ ಎಲ್ರೂ ಮುಗಿಬಿದ್ರು. ಆ ಸೆಟ್ಟಿನಲ್ಲಿ ಬಿಲ್ಲೆ ಇರ್ಲಿಲ್ಲ. ಫೋನೂ ಕಂಪನಿನೂ ಒಂದಕ್ಕೊಂದು ಗಂಟು. ಮಾತು ಸ್ಪಷ್ಟವಾಗಿ ಕೇಳಿಸ್ತಿತ್ತು, ಬೆಲೆ ಕಮ್ಮಿ. ಆದ್ರೆ ಬಿಟ್ಟು ಹೊರಡಬೇಕು ಅಂದ್ರೆ ಸೆಟ್ಟೂ ಬಿಡ್ಬೇಕು, ನಂಬರೂ ಬಿಡ್ಬೇಕು. ಆ ಸಿಡಿಎಂಎ ಜಾಲ ಈಗ ಇಲ್ಲ. ಮಾವನ ಮಾತಲ್ಲಿ ಹೇಳೋದಾದ್ರೆ, ಅಗ್ಗದ ಮೀಟರ್ ಗೇಜು.

ನಾನು 2004ರಲ್ಲಿ ಬಿಲ್ಲೆ ಇರೋ ನಂಬರ್ ತಗೊಂಡೆ. ಬುದ್ಧಿವಂತಿಕೆಯಿಂದ ಅಲ್ಲ, ನಮ್ಮನೆಯವ್ರ ಹಳೇ ಸೆಟ್ ನಂಗೆ ಬಂತು ಅಷ್ಟೇ. ಆ ನಂಬರ್ ಇವತ್ತಿಗೂ ಅದೇ.

ಆ ಸೆಟ್ಟಲ್ಲಿ ಕನ್ನಡ ಇರ್ಲಿಲ್ಲ. ಮೆಸೇಜ್ ಕಳಿಸ್ಬೇಕಾದ್ರೆ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ. ಒಂದಿನ ತೊಗರಿಬೇಳೆ ಮುಗಿದು, ಪೇಟೇಲಿದ್ದ ಯಜಮಾನ್ರಿಗೆ ಬೇಳೆ ಅಂತ ಕಳಿಸಿದೆ. ಅವ್ರು ಅದನ್ನ ಬೆಲೆ ಅಂತ ಓದ್ಕೊಂಡು, ಕೊಬ್ಬರಿ ಇವತ್ತು ಎಷ್ಟಕ್ಕೆ ಹೋಯ್ತು ಅಂತ ವಾಪಸ್ ಬರೆದ್ರು! ಬೇಳೆ, ಬೆಲೆ, ಬೆಳೆ ಮೂರಕ್ಕೂ ಒಂದೇ ನಾಲ್ಕಕ್ಷರ. ಅವತ್ತು ರಾತ್ರಿ ನಮ್ಮನೇಲಿ ಬೇಳೆ ಇಲ್ಲದ ಸಾರು.

ಈಗ ನಗು ಬರುತ್ತೆ. ಆದ್ರೆ ಯೋಚನೆ ಮಾಡಿ. ನಮ್ಮ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸುಮಾರು ಕ್ರಿ.ಶ. 450ರ ಕನ್ನಡ ಶಾಸನ ಸಿಕ್ಕಿದೆ. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಅದನ್ನ ಬೆಳಕಿಗೆ ತಂದಿದ್ದು. ಕಲ್ಲಿನ ಮೇಲೆ ಒಂದೂವರೆ ಸಾವಿರ ವರ್ಷದ ಹಿಂದೆ ಕನ್ನಡ ಬರೆದ ತಾಲ್ಲೂಕಿನ ಹೆಣ್ಣುಮಗಳು, 2004ರಲ್ಲಿ ಬೇಳೆ ಅನ್ನೋ ಎರಡಕ್ಷರ ಬರೆಯೋಕಾಗದೆ ಒದ್ದಾಡಿದ್ದೀನಿ.

ಕಂಪ್ಯೂಟರಲ್ಲಿ ಕನ್ನಡ ಅಷ್ಟೊತ್ತಿಗೆ ಬಂದಿತ್ತು. ಕೆ.ಪಿ. ರಾವ್ ಅವರು ಉಚ್ಚಾರಕ್ಕೆ ತಕ್ಕ ಹಾಗೆ ಕೀಲಿಮಣೆ ಜೋಡಿಸಿ ಕೊಟ್ಟಿದ್ರು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು, ಆಮೇಲೆ ಗಣಕ ಪರಿಷತ್ತಿನ ನುಡಿ ಬಂತು. ಪ್ರಪಂಚದ ಎಲ್ಲಾ ಭಾಷೆ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡೋ ಯೂನಿಕೋಡ್ ಅನ್ನೋ ಏರ್ಪಾಡಲ್ಲೂ 1991ರ ಮೊದಲನೇ ಆವೃತ್ತಿಯಿಂದಾನೇ ಕನ್ನಡಕ್ಕೆ ಜಾಗ ಇತ್ತು. ಕೊರತೆ ಇದ್ದಿದ್ದು ಫೋನಲ್ಲಿ. ಕನ್ನಡ ಅಂದ್ರೆ ಅಕ್ಷರ ಪಕ್ಕಪಕ್ಕ ಇಟ್ರೆ ಆಗಲ್ಲ. ಒತ್ತು ಕೆಳಗೆ ಹೋಗ್ಬೇಕು, ಗುಣಿತ ಮೇಲೆ ಸುತ್ತಬೇಕು. ಅದನ್ನ ಜೋಡಿಸೋ ಬುದ್ಧಿ ಫೋನಿಗೆ ಇಲ್ಲದಿದ್ರೆ ಬರೀ ಚೌಕ ಚೌಕ ಡಬ್ಬಿ ಕಾಣ್ಸುತ್ತೆ. ಮಗಳು ಯಾರೋ ಕಳಿಸಿದ ಕನ್ನಡ ಮೆಸೇಜ್ ತೋರಿಸಿದಾಗ ಅದು ನಮ್ಮ ಬಡಾವಣೆ ಸೈಟಿನ ನಕ್ಷೆ ಥರ ಇತ್ತು.

ಇಷ್ಟರಲ್ಲಿ ಸ್ಮಾರ್ಟ್‌ಫೋನ್ ಅನ್ನೋದು ಬಂತು. ಆ್ಯಪಲ್‌ನೋರು ಐಫೋನ್ ತೋರಿಸಿದ್ದು 2007ರ ಜನವರಿಯಲ್ಲಿ, ನಮ್ಮ ದೇಶಕ್ಕೆ ಬಂದಿದ್ದು 2008ರ ಆಗಸ್ಟ್‌ನಲ್ಲಿ. ಅದೇ ವರ್ಷದ ಕೊನೆಗೆ ಅಮೆರಿಕದಲ್ಲಿ ಮೊದಲನೇ ಆಂಡ್ರಾಯ್ಡ್ ಫೋನ್ ಬಂತು. ಐಫೋನಲ್ಲಿ ಯಂತ್ರನೂ ಅದರೊಳಗಿನ ಬುದ್ಧಿನೂ ಒಬ್ಬರದ್ದೇ. ಆಂಡ್ರಾಯ್ಡ್ ಗೂಗಲ್‌ನೋರು ಮಾಡಿದ ಬುದ್ಧಿ, ಸೆಟ್ಟು ಯಾವ ಕಂಪನಿ ಬೇಕಾದ್ರೂ ಮಾಡ್ಕೋಬಹುದು. ಮೊದಲನೇದು ಒಬ್ಬನೇ ಭಟ್ಟ ಮಾಡೋ ಮದುವೆ ಊಟ. ಎರಡನೇದು ಒಂದೇ ಸಾರಿನಪುಡಿ ಹಂಚಿ, ಮನೆಮನೇಲೂ ಅವರವರ ಕೈರುಚಿಗೆ ಮಾಡ್ಕೊಳೋ ಸಾರು. ಹಾಗಾಗಿ ಅದರಲ್ಲಿ ಚೆನ್ನಾಗಿರೋದೂ ಸಿಗುತ್ತೆ, ಉಪ್ಪು ಜಾಸ್ತಿ ಆಗಿರೋದೂ ಸಿಗುತ್ತೆ.

ಆಂಡ್ರಾಯ್ಡ್ ಆವೃತ್ತಿಗಳಿಗೆ ತುಂಬಾ ವರ್ಷ ಸಿಹಿ ತಿಂಡಿ ಹೆಸರು ಇಡ್ತಿದ್ರು. ಕಪ್‌ಕೇಕ್, ಡೋನಟ್, ಜಿಂಜರ್‌ಬ್ರೆಡ್ ಅಂತ. 2019ರಲ್ಲಿ ಆ ಹೆಸರಿನ ರೂಢಿ ಬಿಟ್ರು. ಒಂದಕ್ಕಾದ್ರೂ ಹೋಳಿಗೆ ಅಂತ ಇಡಬಹುದಿತ್ತು! ಇರ್ಲಿ, ಕನ್ನಡ ಬಂದಿದ್ದು ಜೆಲ್ಲಿ ಬೀನ್ ಅನ್ನೋದರ ಜೊತೆ, 2012ರಲ್ಲಿ. ಆ 4.1ನೇ ಆವೃತ್ತಿಯಲ್ಲಿ ಕನ್ನಡ, ತೆಲುಗು, ಮಲಯಾಳಂ ಮೂರೂ ಒಟ್ಟಿಗೆ ಸೇರಿದ್ವು. 2014ರ ಲಾಲಿಪಾಪ್‌ನಲ್ಲಿ ಫೋನಿನ ಮೆನು ಪೂರ್ತಿ ಕನ್ನಡದಲ್ಲಿ ಇಟ್ಕೊಳೋ ಹಾಗಾಯ್ತು. 2017ರಲ್ಲಿ ಗೂಗಲ್‌ನೋರು ಕನ್ನಡದಲ್ಲಿ ಮಾತಾಡಿದ್ರೆ ಬರ್ಕೊಳೋ ಸೌಲಭ್ಯ ಕೊಟ್ರು. ಕೈಯೆಲ್ಲ ರಾಗಿ ಹಿಟ್ಟಾಗಿದ್ದಾಗ ಫೋನಿಗೆ "ಬರ್ತಾ ಕೊತ್ತಂಬರಿ ತನ್ನಿ" ಅಂತ ಹೇಳಿದ್ರೆ ಸಾಕು, ಹೋಗುತ್ತೆ. ಐಫೋನ್ ಈ ವಿಷಯದಲ್ಲಿ ನಿಧಾನ. ಅದರದ್ದೇ ಕನ್ನಡ ಕೀಲಿಮಣೆ ಬಂದಿದ್ದು 2017ರಲ್ಲಿ, ಮೆನು ಕನ್ನಡಕ್ಕೆ ತಿರುಗಿದ್ದು 2025ರಲ್ಲಿ, 18.4 ಅನ್ನೋ ಆವೃತ್ತಿಯಲ್ಲಿ. ಮಗನಿಗೆ ಇದನ್ನ ಹೇಳಿದಾಗ, "ಈಗ ಬಂದಿದೆಯಲ್ಲಮ್ಮ" ಅಂದ. ಬಂದಿದೆ, ನಿಜ. ನಮ್ಮ ಸರದಿ ಯಾವಾಗ ಬರುತ್ತೆ ಅನ್ನೋದನ್ನ ಅವರೇ ತೀರ್ಮಾನ ಮಾಡ್ತಾರೆ ಅನ್ನೋದೂ ನಿಜ.

ಈಗ ಎರಡೇ ಗೇಜ್ ಉಳ್ಕೊಂಡಿದೆ. ಮಧ್ಯದಲ್ಲಿ ಬಂದು ಹೋಗಿದ್ದು ಎಷ್ಟು ಅಂತ ಎಣಿಸಿದ್ರೆ ಆಶ್ಚರ್ಯ ಆಗುತ್ತೆ. ನೋಕಿಯಾದ ಸಿಂಬಿಯನ್ ಇತ್ತು. ಆಫೀಸರ್‌ಗಳ ಕೈಯಲ್ಲಿ ಬ್ಲ್ಯಾಕ್‌ಬೆರಿ ಇತ್ತು. ನೋಕಿಯಾ ಫೋನ್ ವ್ಯಾಪಾರಾನ ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲಿ ಕೊಂಡ್ಕೊಳ್ತು, ಮದ್ರಾಸ್ ಹತ್ರದ ಶ್ರೀಪೆರಂಬುದೂರಿನ ನೋಕಿಯಾ ಕಾರ್ಖಾನೆ ಅದೇ ವರ್ಷ ನವೆಂಬರ್‌ನಲ್ಲಿ ಮುಚ್ತು. ವಿಂಡೋಸ್ ಫೋನ್ ಬಂತು, ಹೋಯ್ತು. 2014ರಲ್ಲಿ ಎರಡು ಸಾವಿರ ರೂಪಾಯಿ ಒಳಗೆ ಫೈರ್‌ಫಾಕ್ಸ್ ಫೋನ್ ಬಂತು, 2015ರ ಕೊನೆಗೆ ಅದನ್ನ ಮಾಡಿದ ಮೊಜಿಲ್ಲಾದವರೇ ಕೈ ಬಿಟ್ರು. ಆ ಬಿಟ್ಟಿದ್ದರ ಬೇರಲ್ಲೇ ಕೈಓಎಸ್ ಅನ್ನೋದು ಚಿಗುರಿ, 2017ರಲ್ಲಿ 1500 ರೂಪಾಯಿ ಠೇವಣಿಯ ಜಿಯೋಫೋನ್ ಆಗಿ ಹಳ್ಳಿಹಳ್ಳಿಗೆ ಬಂತು. ಸ್ಯಾಮ್ಸಂಗ್‌ನೋರು ಟೈಜನ್ ಅಂತ 2015ರಲ್ಲಿ ನಮ್ಮ ದೇಶದಲ್ಲೇ ಮೊದಲು ಬಿಟ್ಟಿದ್ದೂ ಈಗ ಫೋನಲ್ಲಿ ಇಲ್ಲ.

ಇವು ಹೋಗಿದ್ದು ಕೆಟ್ಟ ಫೋನ್ ಅಂತ ಅಲ್ಲ. ಸಂತೆ ಯಾವ ಕಡೆ ಸೇರುತ್ತೋ ಅಂಗಡಿನೂ ಆ ಕಡೆನೇ ಹೋಗುತ್ತೆ. ವಾಟ್ಸಾಪ್ ಹಳೇ ಸಿಂಬಿಯನ್‌ನ 2017ರ ಜೂನ್‌ಗೆ ಬಿಡ್ತು, ವಿಂಡೋಸ್ ಫೋನನ್ನ 2019ರ ಕೊನೆಗೆ ಬಿಡ್ತು. ಫೋನ್ ಕೈಯಲ್ಲಿ ಗಟ್ಟಿಮುಟ್ಟಾಗೇ ಇರುತ್ತೆ, ಆದ್ರೆ ಅದರ ಸ್ಟೇಷನ್‌ಗೆ ರೈಲೇ ಬರಲ್ಲ.

ಈಗ ನನ್ನ ಕಥೆಗೆ ಬರ್ತೀನಿ.

ನಮ್ಮತ್ತೆ ಸೋಬಾನೆ ಪದ ಹೇಳೋದ್ರಲ್ಲಿ ಸುತ್ತಲ ಹತ್ತೂರಿಗೆ ಹೆಸರಾಗಿದ್ರು. ಚಪ್ಪರದ ದಿನ, ಅರಿಸಿನ ಹಚ್ಚೋವಾಗ, ಹೆಣ್ಣೊಪ್ಪಿಸೋವಾಗ, ಒಂದೊಂದಕ್ಕೆ ಒಂದೊಂದು. ಯಾವುದನ್ನೂ ಅವರು ಬರೆದಿಟ್ಟಿರ್ಲಿಲ್ಲ, ಅವರಿಗೆ ಬರೆಯೋಕೆ ಬರ್ತಿರ್ಲಿಲ್ಲ. 2013ರ ಚಳಿಗಾಲದಲ್ಲಿ ಅವರೇಕಾಯಿ ಸುಲೀತಾ ಕೂತಾಗ ನಾನು ಹೊಸ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡೆ. ಒಂದು ವಾರ, ದಿನಾ ಎರಡು ಮೂರು ಪದ. ಎಲ್ಲಾ ಸೇರಿ ಹದಿನಾಲ್ಕು. "ನನ್ನ ಗಂಟಲು ಆ ಡಬ್ಬೀಲಿ ಎಷ್ಟು ದಿನ ಇರ್ತದವ್ವಾ?" ಅಂತ ಕೇಳಿದ್ರು. "ಯಾವಾಗ್ಲೂ ಇರುತ್ತೆ ಅತ್ತೆ" ಅಂದೆ.

ಅದು ಯಾವ ಕಂಪನಿ ಫೋನ್ ಅಂತ ಹೇಳೋದು ಬೇಡ, ತಪ್ಪು ನಂದೇ. ಮೂರು ವರ್ಷಕ್ಕೆ ಅದರಲ್ಲಿ ಏನೂ ಹೊಸದು ಬರದ ಹಾಗಾಯ್ತು. ಬೇರೆ ಫೋನ್ ತಗೊಂಡೆ. ಹಳೇದರ ಮೆಮೊರಿ ಕಾರ್ಡ್ ತೆಗೆದು ಹೊಸದಕ್ಕೆ ಹಾಕ್ದೆ, ಎಲ್ಲಾ ಬಂತು ಅನ್ಕೊಂಡೆ. ಫೋಟೋ ಬಂದಿದ್ವು. ಪದಗಳು ಕಾರ್ಡಲ್ಲಿ ಇರ್ಲಿಲ್ಲ, ಸೆಟ್ಟಿನ ಒಳಗಡೆ ಇದ್ವು. ಅದು ನಂಗೆ ಗೊತ್ತಾಗಿದ್ದು ಅತ್ತೆ ತೀರ್ಕೊಂಡ ಮೇಲೆ, ಹದಿಮೂರನೇ ದಿನ ನಾದಿನಿ "ಅಕ್ಕಾ, ಅಮ್ಮನ ಪದ ಹಾಕಿ, ಒಂದ್ಸಲ ಕೇಳಣ" ಅಂದಾಗ.

ಹಳೇ ಸೆಟ್ ಹುಡುಕಿದ್ರೆ ಬೀರು ಮೂಲೇಲಿತ್ತು. ಚಾರ್ಜರ್ ಪಿನ್ನೇ ಬೇರೆ ಥರದ್ದು. ಹೇಗೋ ಹಾಕಿದ್ರೆ ಏಳ್ಲಿಲ್ಲ. ಅರಸೀಕೆರೆ, ಹಾಸನ, ಕೊನೆಗೆ ಮಗಳ ಕೈಲಿ ಬೆಂಗಳೂರಲ್ಲೂ ತೋರಿಸಿದ್ದಾಯ್ತು. ಬೋರ್ಡ್ ಹೋಗಿದೆ ಅಂದ್ರು. ಅದನ್ನ ಕಂಪ್ಯೂಟರ್‌ಗೆ ಜೋಡಿಸೋ ಸಾಫ್ಟ್‌ವೇರ್ ಕೂಡ ಈಗ ಯಾರ ಹತ್ರಾನೂ ಇಲ್ಲ ಅಂದ್ರು.

ಹದಿನಾಲ್ಕರಲ್ಲಿ ಒಂದೇ ಒಂದು ಉಳೀತು, ಅದೂ ನಲವತ್ತು ಸೆಕೆಂಡಿಂದು. ಯಾಕೆ ಉಳೀತು ಗೊತ್ತಾ? ರೆಕಾರ್ಡ್ ಮಾಡಿದ ದಿನಾನೇ ಕುಶಾಲಿಗೆ ಅದನ್ನ ನಾದಿನಿಗೆ ವಾಟ್ಸಾಪ್ ಮಾಡಿದ್ದೆ. ಅವಳು ಅವಳ ಮಗಳಿಗೆ ಕಳಿಸಿದ್ಲು. ಆ ಹುಡುಗಿ ಅದನ್ನ ಕಂಪ್ಯೂಟರಲ್ಲಿ ಹಾಕಿಟ್ಟಿದ್ಲು. ಮನೆ ಬಿಟ್ಟು ಹೊರಟಿದ್ದು ಉಳ್ಕೊಳ್ತು, ಜೋಪಾನವಾಗಿ ಒಳಗಿಟ್ಟಿದ್ದು ಹೋಯ್ತು. ಮಾವ ಹೇಳಿದ್ದೂ ಅದೇ ಅಲ್ವಾ, ಇಳಿಸಿ ಹತ್ತಿಸೋವಾಗ ಚೀಲ ಹರಿಯೋದು ಅಂತ. ನನ್ನ ಚೀಲ ಅಲ್ಲೇ ಹರೀತು.

ಹಾಗಾಗಿ ಈ ಸಲ ಒಂಬತ್ತು ದಿನ ನಾನು ಬೆಲೆ, ಕ್ಯಾಮೆರಾ ನೋಡ್ಕೊಂಡು ಕೂರ್ಲಿಲ್ಲ. ಬರೋದು ಹೇಗೆ ಅಂತ ಎಲ್ಲಾ ಅಂಗಡಿನೂ ಹೇಳುತ್ತೆ, ಬಿಟ್ಟು ಹೋಗೋದು ಹೇಗೆ ಅಂತ ನಾನು ಕೇಳ್ದೆ.

ಕಂಪನಿ ಬಿಟ್ಟು ಹೋಗೋ ಹಕ್ಕನ್ನ ನಮಗೆ ಸರ್ಕಾರ ಕೊಟ್ಟಿದೆ. ನಂಬರ್ ಅದೇ ಇಟ್ಕೊಂಡು ಬೇರೆ ಕಂಪನಿಗೆ ಹೋಗೋ ವ್ಯವಸ್ಥೆ 2010ರ ನವೆಂಬರ್‌ನಲ್ಲಿ ಹರಿಯಾಣದಲ್ಲಿ ಶುರುವಾಗಿ, 2011ರ ಜನವರಿ 20ಕ್ಕೆ ದೇಶಕ್ಕೆಲ್ಲ ಬಂತು. ಅದಕ್ಕೇ ನನ್ನ 2004ರ ನಂಬರ್ ಎರಡು ಕಂಪನಿ ದಾಟಿ ಬಂದ್ರೂ ತವರಿನೋರಿಗೆ ಬಾಯಿಪಾಠ ಇದೆ. ಆದ್ರೆ ಫೋನಿನ ಒಳಗಿನ ಬುದ್ಧಿ ಬದಲಾಯಿಸೋಕೆ ಅಂಥ ಕಾನೂನು ಇಲ್ಲ. ಐಫೋನಿಂದ ಆಂಡ್ರಾಯ್ಡ್‌ಗೋ ಆಂಡ್ರಾಯ್ಡಿಂದ ಐಫೋನ್‌ಗೋ ಹೋದ್ರೆ ವಾಟ್ಸಾಪ್‌ನ ಹಳೇ ಮಾತುಕತೆ ಬರೋದು ತುಂಬಾ ವರ್ಷ ಸಾಧ್ಯಾನೇ ಇರ್ಲಿಲ್ಲ. 2021ರಲ್ಲಿ ಐಫೋನಿಂದ ಸ್ಯಾಮ್ಸಂಗ್‌ಗೆ, 2022ರಲ್ಲಿ ಆಂಡ್ರಾಯ್ಡಿಂದ ಐಫೋನ್‌ಗೆ ಅಂತ ಒಂದೊಂದೇ ಬಾಗಿಲು ತೆಗೆದ್ರು. ದುಡ್ಡು ಕೊಟ್ಟು ಕೊಂಡ ಆ್ಯಪ್ ಮಾತ್ರ ಈಗ್ಲೂ ಗೇಜ್ ದಾಟಲ್ಲ, ಆ ಕಡೆ ಮತ್ತೆ ಕೊಳ್ಬೇಕು.

ಆಂಡ್ರಾಯ್ಡ್ ಅಂದ್ರೆ ಧರ್ಮಛತ್ರ ಅಂತಾನೂ ತಿಳ್ಕೋಬೇಡಿ. ಆಂಡ್ರಾಯ್ಡ್ ಮೂಲಕ ತನ್ನ ಬಲ ದುರುಪಯೋಗ ಮಾಡ್ತಿದೆ ಅಂತ ನಮ್ಮ ದೇಶದ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ 1337.76 ಕೋಟಿ ರೂಪಾಯಿ ದಂಡ ಹಾಕ್ತು. ಫೋನಲ್ಲಿ ತನ್ನ ಆ್ಯಪ್‌ಗಳನ್ನೇ ಮೊದಲೇ ತುಂಬಿಸಿ ಕೊಡ್ಬೇಕು ಅಂತ ಸೆಟ್ ಮಾಡೋರಿಗೆ ಕಟ್ಟುಪಾಡು ಹಾಕಿದ್ದು ಅದರಲ್ಲಿ ಒಂದು ಕಾರಣ. ಇನ್ನು ಐಫೋನ್ ಪರವಾಗಿ ಮಗ ಹೇಳಿದ್ರಲ್ಲೂ ನ್ಯಾಯ ಇದೆ. 2015ರ ಐಫೋನ್ 6ಎಸ್‌ಗೆ 2021ರಲ್ಲೂ ಹೊಸ ಆವೃತ್ತಿ ಬಂದಿತ್ತು, ಆಗೆಲ್ಲ ಅಗ್ಗದ ಆಂಡ್ರಾಯ್ಡ್‌ಗಳಿಗೆ ಅಷ್ಟು ಆಯಸ್ಸೇ ಇರ್ಲಿಲ್ಲ. ಈಗ 2023ರಿಂದ ಈಚೆಗೆ ಗೂಗಲ್, ಸ್ಯಾಮ್ಸಂಗ್‌ನೋರು ತಮ್ಮ ದುಬಾರಿ ಫೋನುಗಳಿಗೆ ಏಳು ವರ್ಷ ಅಂತ ಮಾತು ಕೊಡ್ತಿದ್ದಾರೆ. ಚಾರ್ಜರ್ ಜಗಳನೂ ಮುಗೀತು. ಯುರೋಪಿನೋರು ಎಲ್ಲಾ ಫೋನಿಗೂ ಒಂದೇ ಥರದ ಪಿನ್ ಇರ್ಬೇಕು ಅಂತ ಕಾನೂನು ಮಾಡಿದ್ಮೇಲೆ, 2023ರ ಐಫೋನ್ 15ರಿಂದ ಅದಕ್ಕೂ ಟೈಪ್-ಸಿ ಪಿನ್ನೇ. ಇದೊಂದು ನಿಜವಾದ ಗೇಜ್ ಬದಲಾವಣೆ. ಯಾವಾಗ್ಲೂ ಹೀಗೇ, ಯಾರೋ ಒಬ್ರು ಗಟ್ಟಿಯಾಗಿ ಹೇಳೋವರೆಗೂ ಕಂಬಿಗಳು ತಾವಾಗೇ ಸೇರಲ್ಲ.

ಕೊನೆಗೆ ನಾನು ಆಂಡ್ರಾಯ್ಡೇ ತಗೊಂಡೆ, ಮಧ್ಯಮ ಬೆಲೆದು. ಮಗನಿಗೆ ಸ್ವಲ್ಪ ಬೇಜಾರಾಯ್ತು. "ನಿನ್ನ ಫೋನ್ ಕೆಟ್ಟದ್ದು ಅಂತಲ್ಲ ಕಣೋ" ಅಂದೆ. "ಕೆಟ್ಟೋದ್ರೆ ಬಸ್ ಸ್ಟ್ಯಾಂಡ್ ಹುಡುಗ ಬಿಚ್ಚಿ ನೋಡೋ ಅಂಥದ್ದು ಬೇಕು ನಂಗೆ. ನಿನ್ನ ಫೋನ್ ತಗೊಂಡು ಹಾಸನಕ್ಕೋ ಬೆಂಗಳೂರಿಗೋ ಓಡೋರ್ಯಾರು? ವೈರ್ ಚುಚ್ಚಿ ಪೆನ್‌ಡ್ರೈವ್‌ಗೆ ಎಳೆದು ಹಾಕೋದು ನಂಗೆ ಇದರಲ್ಲಿ ಬರುತ್ತೆ. ನಿನ್ನ ಮುಖ ವಾಟ್ಸಾಪಲ್ಲೂ ಕಾಣುತ್ತಲ್ಲ." ಅಮೇಲೆ ಅವನಿಗೂ ಒಂದು ಕೆಲಸ ಹಚ್ದೆ. ಮೊಮ್ಮಗು ಹುಟ್ಟಿದಾಗಿಂದ ಎಲ್ಲಾ ಫೋಟೋ ಆ ಐಫೋನಿನ ಕ್ಲೌಡಲ್ಲೇ ಇದೆ. "ಮುಂದಿನ ಸಲ ಬರೋವಾಗ ನಂಗೆ ಚಾಕ್ಲೇಟು, ಸೆಂಟು ಏನೂ ಬೇಡ. ಅದನ್ನೆಲ್ಲ ಒಂದು ಹಾರ್ಡ್ ಡಿಸ್ಕಿಗೆ ಹಾಕ್ಕೊಂಡು ಬಾ" ಅಂದಿದ್ದೀನಿ. ಒಂದು ನಿಮಿಷ ಸುಮ್ಮನಿದ್ದು "ಆಯ್ತಮ್ಮ" ಅಂದ. ಅಜ್ಜಿ ಪದದ ವಿಷಯ ಅವನಿಗೂ ಗೊತ್ತು.

ನೀವು ಐಫೋನ್ ತಗೊಂಡ್ರೂ ಸರಿ, ಇನ್ನೊಂದು ತಗೊಂಡ್ರೂ ಸರಿ. ಮಕ್ಕಳೆಲ್ಲ ಒಂದೇ ಕಡೆ ಇದ್ರೆ, ದುಡ್ಡಿಗೆ ತೊಂದರೆ ಇಲ್ಲದಿದ್ರೆ, ಆ ಕಡೆ ಹೋಗೋದ್ರಲ್ಲೂ ಅರ್ಥ ಇದೆ. ಯಾವ ಗೇಜೂ ಶಾಶ್ವತ ಅಲ್ಲ ಅನ್ನೋದು ಮಾತ್ರ ನೆನಪಿರ್ಲಿ. ಮೂರು ವಿಷಯ ನೋಡ್ಕೊಳಿ. ಒಂದು, ನಮ್ಮ ಭಾಷೆ ಅದರಲ್ಲಿ ನೆಟ್ಟಗೆ ಇದ್ಯಾ, ಬರೆಯೋಕೂ ಮಾತಾಡೋಕೂ? ಎರಡು, ನಿಮ್ಮೂರಲ್ಲಿ ಅದನ್ನ ರಿಪೇರಿ ಮಾಡೋರು ಇದ್ದಾರಾ? ಮೂರು, ನಾಳೆ ಬಿಟ್ಟು ಹೋಗ್ಬೇಕಾದ್ರೆ ನಿಮ್ಮ ಸಾಮಾನು ಪೂರ್ತಿ ಎತ್ಕೊಂಡು ಹೋಗೋಕೆ ಆಗುತ್ತಾ? ಮೂರನೇದನ್ನ ಅಂಗಡೀಲೇ, ದುಡ್ಡು ಕೊಡೋಕೆ ಮುಂಚೆ ಕೇಳಿ.

ಮತ್ತೆ ಇವತ್ತು ರಾತ್ರಿ ಪಾತ್ರೆ ತೊಳೆದಾದ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಫೋನಲ್ಲಿ ಮನೆ ಹಿರಿಯರ ದನಿ ಇದ್ರೆ, ಅದನ್ನ ಬೇರೆ ಮನೇಲಿರೋ ಒಬ್ಬರಿಗೆ ಕಳಿಸಿ, ಒಂದು ಪೆನ್‌ಡ್ರೈವ್‌ಗೂ ಹಾಕಿ. ದನಿ ಇನ್ನೂ ಹಿಡಿದಿಟ್ಟಿಲ್ಲ ಅಂದ್ರೆ ನಾಳೆನೇ ಹಿಡೀರಿ.

ನಾನೂ ನಾದಿನಿನೂ ಸೇರಿ ಅತ್ತೆ ಪದಗಳನ್ನ ಒಂದು ಲೆಕ್ಕದ ಪುಸ್ತಕದಲ್ಲಿ ಬರೀತಿದ್ದೀವಿ. ಅವಳಿಗೆ ನೆನಪಿರೋ ಸಾಲು ಅವಳು, ನಂಗೆ ನೆನಪಿರೋದು ನಾನು. ಇಲ್ಲಿವರೆಗೆ ಐದು ಪದ ಪೂರ್ತಿ ಆಗಿದೆ, ಮೂರು ಅರ್ಧಕ್ಕೆ ನಿಂತಿದೆ. ಉಳಿದವು ನಮ್ಮಿಬ್ರಿಗೂ ಬರ್ತಿಲ್ಲ. ಆ ನಲವತ್ತು ಸೆಕೆಂಡಿನ ಪದ ಹೊಸ ಫೋನಿಗೆ ಬಂದಿದ್ಯಾ ಅಂತ ಮೊದಲನೇ ದಿನಾನೇ ಹಾಕಿ ನೋಡ್ದೆ. ಬಂದಿದೆ. ಅತ್ತೆ ದನಿ ಹಿಂದೆ ಕುಕ್ಕರ್ ಕೂಗೋದು ಕೇಳ್ಸುತ್ತೆ. ಆಮೇಲೆ ಸ್ಟೇಷನ್ ಕಡೆಯಿಂದ ರೈಲು ಕೂಗುತ್ತೆ, ಅತ್ತೆ ಪದ ನಿಲ್ಲಿಸಿ "ಹುಬ್ಬಳ್ಳಿ ಗಾಡಿ ಬಂತು, ಮಾವನಿಗೆ ಕಾಫಿ ಇಡು" ಅಂತಾರೆ. ಅಲ್ಲಿಗೆ ಮುಗಿಯುತ್ತೆ.